ನುಗ್ಗೆಕಾಯಿಗೆ ಹೆಸರು, ಸೊಪ್ಪಿಗೆ ಕೆಲಸ

ಸಂಜೆ ಏಳರ ಹೊತ್ತಿಗೆ ನಾಗಸಂದ್ರ ಮೆಟ್ರೊ ನಿಲ್ದಾಣದ ಮೆಟ್ಟಿಲಿಳಿದರೆ ತಳ್ಳುಗಾಡಿಗಳು. ಒಂದರಲ್ಲಿ ಎಣ್ಣೆಗೆ ಬೀಳುತ್ತಿರುವ ಮೆಣಸಿನಕಾಯಿ ಬಜ್ಜಿ. ಪಕ್ಕದಲ್ಲಿ ಒದ್ದೆ ಗೋಣಿಯ ಮೇಲೆ ಸಬ್ಬಸಿಗೆ, ದಂಟು, ಮೆಂತ್ಯ, ಒಂದು ಕಟ್ಟು ನುಗ್ಗೆಕಾಯಿ. ಪೀಣ್ಯದಲ್ಲಿ ಶಿಫ್ಟ್ ಮುಗಿಸಿ ಬಂದವರು ಹಸಿವಿಗೆ ಮೊದಲ ಗಾಡಿಯ ಹತ್ತಿರವೇ ನಿಲ್ಲುತ್ತಾರೆ. ಗಂಡಸೊಬ್ಬ ನುಗ್ಗೆಕಾಯಿ ಆರಿಸತೊಡಗಿದರೆ ಜೊತೆಗಿದ್ದವರ ಮುಖದಲ್ಲೊಂದು ನಗು. ನುಗ್ಗೆಕಾಯಿ ತಿಂದರೆ ಗಂಡಸಿಗೆ ಹಾಸಿಗೆಯಲ್ಲಿ ಹುರುಪು ಎಂಬ ನಂಬಿಕೆಯನ್ನು ತಮಾಷೆಯಾಗಿಸಿದ ‘ಹಳ್ಳಿ ಮೇಷ್ಟ್ರು’ ಸಿನಿಮಾ 1992ರಲ್ಲಿ ತೆರೆಗೆ ಬಂದ ಮೇಲೆ ಆ ನಗು ನಮ್ಮಲ್ಲಿ ಉಳಿದೇಬಿಟ್ಟಿದೆ.

ಊಟಕ್ಕೂ ದಾಂಪತ್ಯಕ್ಕೂ ಇರುವ ನಂಟಿನ ಬಗ್ಗೆ ನಾವು ಬಹಿರಂಗವಾಗಿ ಆಡುವ ಮಾತು ಆ ನಗುವಿನಲ್ಲೇ ಮುಗಿದುಹೋಗುತ್ತದೆ. ನನಗಿರುವ ಬೇಸರ ಅದೇ. ನಂಟು ನಿಜವಾದದ್ದು. ಆದರೆ ಅದು ನುಗ್ಗೆಕಾಯಿಯಲ್ಲಿಲ್ಲ, ರಕ್ತನಾಳದಲ್ಲಿದೆ.

ಗಂಡಸಿನ ನಿಮಿರುವಿಕೆ ಮೊದಲಿಗೆ ರಕ್ತದ ಹರಿವಿನ ವಿಷಯ. ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಬಿಡುಗಡೆ ಮಾಡಿದರೆ ನಾಳ ಹಿಗ್ಗುತ್ತದೆ, ರಕ್ತ ತುಂಬುತ್ತದೆ. ರಕ್ತನಾಳಕ್ಕೆ ಈ ಅನಿಲ ಸಂದೇಶವಾಹಕ ಎಂದು ಕಂಡುಕೊಂಡ ಮೂವರು ವಿಜ್ಞಾನಿಗಳಿಗೆ 1998ರಲ್ಲಿ ನೊಬೆಲ್ ಬಂತು. ವಯಾಗ್ರ ಮಾರುಕಟ್ಟೆಗೆ ಬಂದದ್ದೂ ಅದೇ ವರ್ಷ. ಶಿಶ್ನದ ರಕ್ತನಾಳ ಹೃದಯದ ರಕ್ತನಾಳಕ್ಕಿಂತ ಸಣ್ಣದು. ಶುಗರ್, ಬಿಪಿ, ಬೀಡಿ-ಸಿಗರೇಟು, ಕೊಬ್ಬು ಸೇರಿ ನಾಳಗಳನ್ನು ಕೆಡಿಸುವಾಗ ತೊಂದರೆ ಮೊದಲು ಕಾಣಿಸುವುದು ಸಣ್ಣ ನಾಳದಲ್ಲಿ. ಎಷ್ಟೋ ಜನರಿಗೆ ಎದೆನೋವಿಗೆ ವರ್ಷಗಳ ಮೊದಲೇ ಹಾಸಿಗೆಯಲ್ಲಿ ಸೂಚನೆ ಸಿಕ್ಕಿರುತ್ತದೆ. ನಾಚಿಕೊಂಡು ಸುಮ್ಮನಿದ್ದವರು ಆ ಸೂಚನೆಯನ್ನು ಕೈಚೆಲ್ಲುತ್ತಾರೆ.

ಹೊಟ್ಟೆ ಬೆಳೆದರೆ ಇನ್ನೊಂದು ಪೆಟ್ಟು. ಗಂಡಸಿನ ಹಾರ್ಮೋನಾದ ಟೆಸ್ಟೊಸ್ಟಿರಾನನ್ನು ಬೊಜ್ಜು ಈಸ್ಟ್ರೊಜನ್ ಆಗಿ ಬದಲಿಸುತ್ತದೆ. ಹೋದದ್ದು ಮರಳಿ ಬರುವುದೂ ಉಂಟು. 2004ರಲ್ಲಿ ಇಟಲಿಯ ಸಂಶೋಧಕರು ಬೊಜ್ಜು ಮತ್ತು ನಿಮಿರುವಿಕೆಯ ತೊಂದರೆ ಎರಡೂ ಇದ್ದ 110 ಗಂಡಸರ ಅಧ್ಯಯನ ಪ್ರಕಟಿಸಿದರು. ಅರ್ಧದಷ್ಟು ಜನರಿಗೆ ಊಟ, ವ್ಯಾಯಾಮಗಳ ಬಗ್ಗೆ ಎರಡು ವರ್ಷ ಬಿಡದೆ ಮಾರ್ಗದರ್ಶನ ಕೊಟ್ಟರು, ಉಳಿದವರಿಗೆ ಸಾಮಾನ್ಯ ಸಲಹೆ ಮಾತ್ರ. ಮೊದಲ ಗುಂಪಿನ 55 ಮಂದಿಯಲ್ಲಿ 17 ಮಂದಿ ಮೊದಲಿನಂತಾದರು, ಎರಡನೆಯದರಲ್ಲಿ ಮೂವರು. ಯಾವ ಲೇಹ್ಯವನ್ನೂ ಕೊಟ್ಟಿರಲಿಲ್ಲ.

ತುಮಕೂರು ರಸ್ತೆಯ ಗೋಡೆಗಳ ಮೇಲಿನ ‘ಗುಪ್ತ ಸಮಸ್ಯೆ’ ಭಿತ್ತಿಪತ್ರ ನೋಡಿದಾಗಲೆಲ್ಲ ನನಗೆ ಭಯವಾಗುತ್ತದೆ. ಗಿಡಮೂಲಿಕೆ ಎಂದು ಮಾರುವ ಗುಳಿಗೆಗಳಲ್ಲಿ ವಯಾಗ್ರದ ಔಷಧವನ್ನೇ ಗುಟ್ಟಾಗಿ ಬೆರೆಸಿದ್ದು ಹಲವು ದೇಶಗಳ ತಪಾಸಣೆಗಳಲ್ಲಿ ಸಿಕ್ಕಿಬಿದ್ದಿದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ನುಂಗಿದರೆ ಬಿಪಿ ಕುಸಿದು ಪ್ರಾಣಕ್ಕೇ ಬರಬಹುದು.

ಇಷ್ಟು ಹೊತ್ತೂ ಗಂಡಸರ ಮಾತೇ ಆಯಿತು. ಹೆಂಗಸರ ಕಷ್ಟಕ್ಕೆ ಗೋಡೆಯ ಮೇಲೆ ಭಿತ್ತಿಪತ್ರವೂ ಇಲ್ಲ.

ಗಾರ್ಮೆಂಟ್ಸ್‌ಗೆ ಹೋಗುವ ಹೆಣ್ಣುಮಗಳ ದಿನವನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ಐದಕ್ಕೆ ಎದ್ದು ಎಲ್ಲರ ಡಬ್ಬಿ ಕಟ್ಟಿ, ತಾನು ಒಂದು ಲೋಟ ಟೀ, ಎರಡು ಬಿಸ್ಕತ್ತು ತಿಂದು ಓಡುತ್ತಾಳೆ. ಮಧ್ಯಾಹ್ನ ಅನ್ನ, ತಿಳಿಸಾರು, ಹಿಂದೆಯೇ ಮತ್ತೆ ಟೀ. ಊಟದಲ್ಲಿದ್ದ ಅಲ್ಪಸ್ವಲ್ಪ ಕಬ್ಬಿಣವೂ ಮೈಗೆ ಹತ್ತದಂತೆ ಆ ಟೀ ತಡೆಯುತ್ತದೆ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ಶೇ 47.8ರಷ್ಟು ಮಂದಿಗೆ ರಕ್ತಹೀನತೆ. ರಕ್ತವೇ ಇಲ್ಲದ ಮೈಯಲ್ಲಿ ಆಸೆ ಎಲ್ಲಿಂದ ಬರಬೇಕು? ‘ಅವಳಿಗೆ ಇಷ್ಟವೇ ಇಲ್ಲ’ ಎಂದು ಗಂಡ ಮುನಿಸಿಕೊಳ್ಳುವ ಮೊದಲು ಹಿಮೋಗ್ಲೋಬಿನ್ ನೋಡಿಸಬೇಕು.

ನೀರಿನದೂ ಒಂದು ಕಥೆ. ಶೌಚಾಲಯಕ್ಕೆ ಏಳಬೇಕಾಗುತ್ತದೆಂದು ಲೈನಿನಲ್ಲಿ ಕೂತವರು ಹಗಲೆಲ್ಲ ನೀರು ಕುಡಿಯುವುದಿಲ್ಲ. ಉರಿಮೂತ್ರ, ಸೋಂಕು, ಆಮೇಲೆ ಕೂಡುವಾಗ ನೋವು. ಶುಗರ್ ಇದ್ದವರಿಗೆ ಯೀಸ್ಟ್ ಸೋಂಕು ಮರಳಿ ಮರಳಿ ಬರುತ್ತದೆ. ನೋವನ್ನು ಸಹಿಸುವುದೇ ಹೆಂಡತಿಯ ಧರ್ಮ ಎಂದುಕೊಂಡವರು ಈಗಲೂ ಇದ್ದಾರೆ. ಡಾ. ಅನುಪಮಾ ನಿರಂಜನ ‘ದಾಂಪತ್ಯ ದೀಪಿಕೆ’ ಬರೆದು ದಶಕಗಳಾದರೂ ಈ ಮೌನ ಪೂರ್ತಿ ಒಡೆದಿಲ್ಲ.

ಎಲ್ಲವೂ ಊಟದಿಂದ ಸರಿಹೋಗುತ್ತದೆ ಎಂದು ನಾನು ಹೇಳಲಾರೆ. ಮುಟ್ಟು ನಿಂತ ಮೇಲಿನ ಒಣಗುವಿಕೆ, ಥೈರಾಯ್ಡ್, ಖಿನ್ನತೆ, ಗಂಡ ಹೆಂಡತಿ ನಡುವಿನ ಮುನಿಸು, ಇವಕ್ಕೆ ಅವುಗಳದ್ದೇ ಚಿಕಿತ್ಸೆ, ಅವುಗಳದ್ದೇ ಮಾತು ಬೇಕು.

ಊಟದಿಂದ ಆಗುವಷ್ಟಕ್ಕೆ ದುಬಾರಿ ಬಾದಾಮಿಯೇ ಬೇಕೆಂದಿಲ್ಲ. ಈ ಸೀಮೆಯ ಬಸ್ಸಾರನ್ನೇ ನೋಡಿ: ದಂಟಿನ ಸೊಪ್ಪು, ಕಾಳು, ಬಸಿದ ಕಟ್ಟು, ಪಕ್ಕಕ್ಕೆ ಪಲ್ಯ. ಹಸಿರು ಸೊಪ್ಪಿನ ನೈಟ್ರೇಟ್ ಮೈಯೊಳಗೆ ಅದೇ ನೈಟ್ರಿಕ್ ಆಕ್ಸೈಡ್ ಆಗುತ್ತದೆ. ಪಲ್ಯಕ್ಕೆ ನಿಂಬೆಹಣ್ಣು ಹಿಂಡಿದರೆ ಸೊಪ್ಪಿನ ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಟೀ ಊಟಕ್ಕೆ ಒಂದು ಗಂಟೆಯಾದರೂ ದೂರವಿರಲಿ. ನುಗ್ಗೆಯದೇ ಬೇಕೆಂದರೆ ಕಾಯಿಗಿಂತ ಸೊಪ್ಪಿನಲ್ಲಿ ಕಬ್ಬಿಣ, ಪ್ರೋಟೀನು ಹೆಚ್ಚು. ವಠಾರದ ಹಿತ್ತಲಿನಲ್ಲೊಂದು ಮರವಿದ್ದರೆ ಕಾಸೂ ಬೇಡ. ಬಿಡಿಸಲು ತಾಳ್ಮೆ ಬೇಕು, ಅಷ್ಟೆ. ಟಿವಿ ಮುಂದೆ ಹಳೇ ಪೇಪರ್ ಹಾಸಿ ಇಬ್ಬರೂ ಕೂತು ಎಲೆ ಬಿಡಿಸಿದರೆ ಕಾಲು ಗಂಟೆಯ ಕೆಲಸ.