ಸೇನಾ ವಿದ್ಯಾಲಯದ ಅರ್ಜಿಯೂ ಸತ್ಯವೂ

ನವಲಿಯಂಥ ಗ್ರಾಮಗಳ ತರುಣರಿಗೂ ಖಡಕವಾಸಲೆಯ ರಾಷ್ಟ್ರೀಯ ರಕ್ಷಣಾ ವಿದ್ಯಾಲಯದ ಹಂಬಲವುಂಟು. 1963ರಲ್ಲಿ ವಿಜಯಪುರದಲ್ಲಿ ಸ್ಥಾಪಿತವಾದ ಸೈನಿಕ ಶಾಲೆಯು ಆ ಹಾದಿಯನ್ನು ಹತ್ತಿರ ತಂದಿತು. ಲೋಕಸೇವಾ ಆಯೋಗದ 900 ಅಂಕಗಳ ಲಿಖಿತ ಪರೀಕ್ಷೆಯನ್ನು ದಾಟಿದವರನ್ನು ಆಯ್ಕೆ ಮಂಡಲಿಯು ಐದು ದಿನ ಒರೆಗೆ ಹಚ್ಚುತ್ತದೆ. ಅದಕ್ಕೂ 900 ಅಂಕಗಳೇ. 60 ಶಬ್ದಗಳನ್ನು ಒಂದೊಂದಾಗಿ ತೋರಿಸಿ, ತಲಾ 15 ಸೆಕೆಂಡುಗಳಲ್ಲಿ ಹೊಳೆದುದನ್ನು ಬರೆಯಿಸುವರು. ಇಂಥಲ್ಲಿ ಉರುಹೊಡೆದ ಶೌರ್ಯವಾಕ್ಯಗಳನ್ನೊಪ್ಪಿಸಲು ಕಲಿಸುವ ತರಬೇತಿ ಕೇಂದ್ರಗಳು (ಅವುಗಳ ಶುಲ್ಕದ ಮಾತು ಬೇಡ) ಬಾಲಕರಿಗೆ ಉಪಕಾರವನ್ನೆಸಗುತ್ತಿಲ್ಲವೆಂಬುದೇ ನಮ್ಮ ಅಭಿಪ್ರಾಯ. ಮನಶ್ಶಾಸ್ತ್ರಜ್ಞರೂ ಸಂದರ್ಶಕರೂ ಮೈದಾನದ ಅಧಿಕಾರಿಗಳೂ ಬೇರೆಬೇರೆಯಾಗಿ ಪರೀಕ್ಷಿಸಿ ಕಡೆಯ ದಿನ ತಾಳೆ ನೋಡುವರಷ್ಟೆ! ಹಿಂದೊಮ್ಮೆ ತಿರಸ್ಕೃತನಾದೆನೆಂದು ನಿಜ ನುಡಿದವನಿಗೆ ಅದರಿಂದ ಅನರ್ಹತೆಯಿಲ್ಲ. ಆದರೆ ನಿಜ ನುಡಿದವರಲ್ಲಿಯೂ ಬಹುಮಂದಿ ಬರಿಗೈಯಲ್ಲಿ ಮರಳುತ್ತಾರೆ. ಅಂಥವರನ್ನು ಊರಿನವರು ಮೂದಲಿಸುವುದು ಅನ್ಯಾಯ. ವಯೋಮಿತಿಯೊಳಗೆ ಪುನಃ ಬರೆಯಬಹುದು. ಪದವಿಯ ತರುವಾಯ ಡೆಹರಾಡೂನಿನ ಬಾಗಿಲೂ ತೆರೆದಿದೆ.