ಹಳೆಯ ವಾಹನದ ಪರೀಕ್ಷಕ ಯಾರ ಕಡೆಯವನು?

ಅಮೆರಿಕದಲ್ಲಿರುವ ಮಕ್ಕಳ ಮನೆಗೆ ಹೋಗಿಬಂದ ನಮ್ಮ ಹಿರಿಯ ನಾಗರಿಕರು ಅಲ್ಲಿನ ಹೆದ್ದಾರಿಗಳಲ್ಲಿ ಬಸ್ಸಿನಷ್ಟು ಉದ್ದದ, ಒಳಗೆ ಅಡುಗೆಮನೆ, ಮಲಗುವ ಕೋಣೆ, ಸ್ನಾನಗೃಹಗಳನ್ನು ಹೊತ್ತು ಸಾಗುವ ವಾಹನಗಳನ್ನು ಕಂಡೇ ಇರುತ್ತಾರೆ. ಇವುಗಳಿಗೆ ಮೋಟರ್‌ಹೋಮ್ ಎಂದು ಹೆಸರು. ನಿವೃತ್ತರಾದ ಬಳಿಕ ಇದ್ದ ಮನೆಯನ್ನು ಮಾರಿ, ಚಕ್ರಗಳ ಮೇಲಿನ ಈ ಮನೆಯಲ್ಲೇ ವರ್ಷಗಟ್ಟಲೆ ಊರೂರು ಸುತ್ತುವ ದಂಪತಿಗಳು ಅಲ್ಲಿ ಅಪರೂಪವಲ್ಲ. ಹೊಸದು ಬಲು ದುಬಾರಿಯಾದ್ದರಿಂದ ಬಹಳಷ್ಟು ಮಂದಿ ಬಳಸಿದ್ದನ್ನೇ ಕೊಳ್ಳುತ್ತಾರೆ. ಜೀವಮಾನದ ಉಳಿತಾಯದ ಗಣನೀಯ ಭಾಗ ಒಂದೇ ಚೆಕ್ಕಿನಲ್ಲಿ ಕೈಬಿಡುವ ಈ ಸಂದರ್ಭದಲ್ಲಿ ಅವರ ಪೈಕಿ ಎಚ್ಚರಸ್ಥರು ಮಾಡುವ ಒಂದು ಕೆಲಸ ನಮ್ಮ ಗಮನಕ್ಕೆ ಅರ್ಹವಾಗಿದೆ. ಹಣ ಕೊಡುವ ಮೊದಲು, ತಮ್ಮ ಸ್ವಂತ ಖರ್ಚಿನಲ್ಲಿ, ಮಾರುವವನಿಗೆ ಯಾವ ರೀತಿಯಲ್ಲೂ ಸಂಬಂಧಪಡದ ಒಬ್ಬ ವೃತ್ತಿಪರ ಪರೀಕ್ಷಕನನ್ನು ಗೊತ್ತುಮಾಡಿ ವಾಹನವನ್ನು ಅಡಿಯಿಂದ ಮುಡಿಯವರೆಗೆ ತಪಾಸಣೆ ಮಾಡಿಸುತ್ತಾರೆ.

ಮೋಟರ್‌ಹೋಮ್ ವಾಸ್ತವವಾಗಿ ಎರಡು ವಸ್ತುಗಳ ಜೋಡಣೆ. ಕೆಳಗಿರುವುದು ಫೋರ್ಡ್‌ನಂಥ ಕಂಪನಿ ತಯಾರಿಸಿದ ಲಾರಿಯ ಚಾಸಿ ಮತ್ತು ಎಂಜಿನ್. ಮೇಲಿರುವುದು ಬೇರೊಂದು ಕಾರ್ಖಾನೆ ಕಟ್ಟಿದ ಮನೆ. ಎಂಜಿನ್ ಬಲ್ಲ ಮೆಕ್ಯಾನಿಕ್‌ಗೆ ಮನೆಯ ರೋಗ ತಿಳಿಯದು. ಮನೆಯ ಪರಮಶತ್ರು ನೀರು. ಛಾವಣಿಗೆ ಹೊದಿಸಿದ ರಬ್ಬರ್ ಹಾಳೆಯ ಅಂಚಿನಲ್ಲೋ ಕಿಟಕಿಯ ಸಂದಿಯಲ್ಲೋ ಹಚ್ಚಿದ ಅಂಟು ಬಿರುಕುಬಿಟ್ಟರೆ ಮಳೆನೀರು ಗೋಡೆಯೊಳಕ್ಕೆ ಇಳಿದು ಮರದ ಚೌಕಟ್ಟನ್ನು ಸದ್ದಿಲ್ಲದೆ ಕೊಳೆಸುತ್ತದೆ. ಹೊರಗಿನ ಫೈಬರ್‌ಗ್ಲಾಸ್ ಹಾಳೆ ಒಳಪದರದಿಂದ ಬಿಟ್ಟು ಉಬ್ಬಿಕೊಳ್ಳುವ ಹೊತ್ತಿಗೆ ದುರಸ್ತಿಯ ವೆಚ್ಚ ಕೈಮೀರಿರುತ್ತದೆ. ಒಳಗೋಡೆಗೆ ಹೊಸ ಕಾಗದ ಅಂಟಿಸಿ ಒಂದಿಷ್ಟು ಸುಗಂಧ ಸಿಂಪಡಿಸಿದರೆ ಸಾಮಾನ್ಯ ಗಿರಾಕಿಗೆ ಏನೂ ಗೊತ್ತಾಗುವುದಿಲ್ಲ. ಪರೀಕ್ಷಕ ಮಾತ್ರ ತೇವಾಂಶ ಅಳೆಯುವ ಉಪಕರಣವನ್ನು ಗೋಡೆಗೆ ಒತ್ತಿಹಿಡಿದು ಅಂಗುಲ ಅಂಗುಲವಾಗಿ ಸಾಗುತ್ತಾನೆ. ಛಾವಣಿ ಹತ್ತುತ್ತಾನೆ. ಅನಿಲದ ಕೊಳವೆಯಲ್ಲಿ ಸೋರಿಕೆಯಿದೆಯೇ ಎಂದು ಒತ್ತಡ ಪರೀಕ್ಷೆ ಮಾಡುತ್ತಾನೆ. ಬ್ಯಾಟರಿಯ 12 ವೋಲ್ಟ್ ಮತ್ತು ಹೊರಗಿನಿಂದ ಬರುವ 120 ವೋಲ್ಟ್, ಎರಡೂ ವಿದ್ಯುತ್ ಜಾಲಗಳನ್ನು ನೋಡುತ್ತಾನೆ. ಎಂಜಿನ್ ಆಯಿಲ್‌ನ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳಿಸಿ ಅದರಲ್ಲಿ ಲೋಹದ ಕಣಗಳು ಬೆರೆತಿವೆಯೇ ಎಂದು ತಿಳಿದುಕೊಳ್ಳುತ್ತಾನೆ. ಟೈರಿನ ಬದಿಯಲ್ಲಿ ಅಚ್ಚೊತ್ತಿರುವ ನಾಲ್ಕು ಅಂಕಿಗಳನ್ನೂ ಬಿಡುವುದಿಲ್ಲ. 2319 ಎಂದಿದ್ದರೆ ಅದು 2019ರ 23ನೇ ವಾರದಲ್ಲಿ ತಯಾರಾದ ಟೈರು. ಮೋಟರ್‌ಹೋಮ್ ಓಡುವುದಕ್ಕಿಂತ ನಿಲ್ಲುವುದೇ ಹೆಚ್ಚು. ಆದ್ದರಿಂದ ಟೈರಿನ ಹಲ್ಲು ಹೊಸದರಂತೆ ಕಂಡರೂ ರಬ್ಬರ್ ಮುದಿಯಾಗಿರಬಹುದು.

ದೊಡ್ಡ ವಾಹನವಾದರೆ ಇದು ಇಡೀ ದಿನದ ಕೆಲಸ. ಶುಲ್ಕ ನೂರಾರು ಡಾಲರು, ಕೆಲವೊಮ್ಮೆ ಸಾವಿರವನ್ನೂ ಮೀರುತ್ತದೆ. ಇಂಥ ಪರೀಕ್ಷಕರಿಗೆ ತರಬೇತಿ, ಪ್ರಮಾಣಪತ್ರ ನೀಡುವ ರಾಷ್ಟ್ರಮಟ್ಟದ ಸಂಘವೂ ಅಲ್ಲಿದೆ. ಸರ್ಕಾರದ ರಕ್ಷಣೆ ದುರ್ಬಲವಾಗಿರುವ ಕಡೆಯೇ ಈ ವೃತ್ತಿ ಬೆಳೆದಿರುವುದು ಕುತೂಹಲಕರ. ಹಳೆಯ ಕಾರು ಮಾರುವ ವ್ಯಾಪಾರಿ ಅದರ ಕಿಟಕಿಗೆ ಒಂದು ತಿಳಿವಳಿಕೆ ಪತ್ರ ಅಂಟಿಸಬೇಕೆಂಬ ನಿಯಮವನ್ನು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1985ರಿಂದ ಜಾರಿಯಲ್ಲಿಟ್ಟಿದೆ. ವಾರಂಟಿ ಉಂಟೋ, ಇದ್ದ ಹಾಗೇ ಮಾರಾಟವೋ ಎಂಬುದನ್ನು ಆ ಪತ್ರ ತಿಳಿಸಬೇಕು. ಕೊಳ್ಳುವ ಮುನ್ನ ನಿಮ್ಮ ಮೆಕ್ಯಾನಿಕ್‌ನಿಂದ ಪರೀಕ್ಷಿಸಬಹುದೇ ಎಂದು ಕೇಳಿ ಎಂದೂ ಅದು ಸೂಚಿಸುತ್ತದೆ. ಆದರೆ ಸುಮಾರು 3,850 ಕಿಲೋಗ್ರಾಂ ಒಟ್ಟು ತೂಕಕ್ಕಿಂತ ಕಡಿಮೆಯ ವಾಹನಗಳಿಗೆ ಮಾತ್ರ ಈ ನಿಯಮ ಅನ್ವಯ. ದೊಡ್ಡ ಮೋಟರ್‌ಹೋಮ್‌ಗಳು ಹೊರಗೇ ಉಳಿದವು. ಒಬ್ಬ ವ್ಯಕ್ತಿ ಇನ್ನೊಬ್ಬನಿಗೆ ನೇರವಾಗಿ ಮಾರುವ ವಾಹನಗಳಂತೂ ಒಳಗೆ ಬರುವುದೇ ಇಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಗಳಿಗೆ ಈ ವಿಷಯ ಹೊಸದಲ್ಲ. ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ ಕಿರು ಪ್ರಬಂಧದ ವಸ್ತು ಹಳೆಯ ಕಾರುಗಳ ಮಾರುಕಟ್ಟೆಯೇ. ಮೂರು ನಿಯತಕಾಲಿಕಗಳು ಅದನ್ನು ತಿರಸ್ಕರಿಸಿದ್ದವು. 2001ರಲ್ಲಿ ಅವರಿಗೆ ನೊಬೆಲ್ ಬಂದಾಗ ಅದಕ್ಕೆ ಮುಖ್ಯ ಕಾರಣ ಅದೇ ಪ್ರಬಂಧವಾಗಿತ್ತು. ಅವರ ತರ್ಕ ಸರಳ. ಒಳ್ಳೆಯ ಕಾರಿನ ನಿಜಬೆಲೆ 6 ಲಕ್ಷ, ಕೆಟ್ಟದ್ದರ ಬೆಲೆ 3 ಲಕ್ಷ ಎಂದಿಟ್ಟುಕೊಳ್ಳೋಣ. ಯಾವುದು ಯಾವುದೆಂದು ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಕೊಳ್ಳುವವನು ಸರಾಸರಿ ನೋಡಿ ನಾಲ್ಕೂವರೆ ಲಕ್ಷ ಕೊಡಲು ಸಿದ್ಧನಾಗುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರಿನ ಮಾಲೀಕ ಮಾರುವುದಿಲ್ಲ, ಮನೆಯಲ್ಲೇ ಇಟ್ಟುಕೊಳ್ಳುತ್ತಾನೆ. ಮಾರುಕಟ್ಟೆಯಲ್ಲಿ ಉಳಿಯುವುದು ಕೆಟ್ಟವು. ಹೀಗೆ ಒಬ್ಬನ ಅಜ್ಞಾನದಿಂದ ನಷ್ಟವಾಗುವುದು ಅವನೊಬ್ಬನಿಗೇ ಅಲ್ಲ, ಪ್ರಾಮಾಣಿಕ ಮಾರಾಟಗಾರನಿಗೂ ಹೌದು.

ಅಕರ್ಲಾಫ್ 1967–68ರಲ್ಲಿ ದೆಹಲಿಯ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿ ಇದ್ದವರು. ಪೇಟೆಯಿಂದ ತಂದ ಅಕ್ಕಿಯಲ್ಲಿ ಬೇಕೆಂದೇ ಬೆರೆಸಿದ ಕಲ್ಲುಗಳನ್ನು ಭಾರತದ ಗೃಹಿಣಿ ಆರಿಸಬೇಕಾಗುತ್ತದೆ ಎಂಬ ಉದಾಹರಣೆ ಆ ಪ್ರಬಂಧದಲ್ಲಿಯೇ ಬರುತ್ತದೆ. ಮೊರದಲ್ಲಿ ಅಕ್ಕಿ ಕೇರಿ ಕಲ್ಲು ಆರಿಸಿದ ನಮ್ಮ ತಾಯಂದಿರು ಮಾಡುತ್ತಿದ್ದುದು ಗುಣಮಟ್ಟದ ತಪಾಸಣೆಯನ್ನೇ. ದನದ ಜಾತ್ರೆಗಳಲ್ಲೂ ಇದೇ ವ್ಯವಸ್ಥೆಯಿತ್ತು. ಎತ್ತು ಕೊಳ್ಳಲು ಹೋಗುವ ರೈತ ಒಬ್ಬಂಟಿಯಾಗಿ ಹೋಗುತ್ತಿರಲಿಲ್ಲ. ಊರಿನ ಬಲ್ಲ ಹಿರಿಯರೊಬ್ಬರನ್ನು ಜೊತೆಗೆ ಕರೆದೊಯ್ಯುತ್ತಿದ್ದ. ಅವರು ಬಾಯಿ ಬಿಡಿಸಿ ಎರಡು ಹಲ್ಲೋ ನಾಲ್ಕು ಹಲ್ಲೋ ಬಾಯಿಗೂಡಿದ್ದೋ ಎಂದು ನೋಡಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ ನೋಡಿದ ಮೇಲೆಯೇ ಟವೆಲ್ಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರುತ್ತಿತ್ತು. ದಲ್ಲಾಳಿ ಬೇರೆ, ಈ ಹಿರಿಯರು ಬೇರೆ. ದಲ್ಲಾಳಿಗೆ ವ್ಯಾಪಾರ ಆಗಬೇಕು. ಹಿರಿಯರಿಗೆ ಆಗದಿದ್ದರೂ ನಡೆಯುತ್ತದೆ.

ನಮ್ಮ ನಗರಗಳಲ್ಲಿ ಕಳೆದುಹೋಗಿರುವುದು ಈ ಎರಡನೆಯ ವ್ಯಕ್ತಿಯೇ. ಇಂದು ದೇಶದಲ್ಲಿ ಹೊಸ ಕಾರುಗಳಿಗಿಂತ ಬಳಸಿದ ಕಾರುಗಳೇ ಹೆಚ್ಚು ಕೈಬದಲಾಗುತ್ತಿವೆ. ಅನೇಕ ಕುಟುಂಬಗಳ ಮೊದಲ ಕಾರು ಹಳೆಯದೇ. ಮನೆ ಕೊಳ್ಳುವಾಗ ವಕೀಲರಿಗೆ ಕಾಗದಪತ್ರ ತೋರಿಸುವ ನಾವು ಐದಾರು ಲಕ್ಷದ ಕಾರನ್ನು ‘ಒಂದು ರೌಂಡ್’ ಓಡಿಸಿ ನೋಡಿ ಕೊಂಡುಬಿಡುತ್ತೇವೆ.

2015ರ ಡಿಸೆಂಬರ್‌ನಲ್ಲಿ ಚೆನ್ನೈ, 2022ರ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಬೆಳ್ಳಂದೂರು, ಸರ್ಜಾಪುರ ರಸ್ತೆಯ ಬಡಾವಣೆಗಳು ಮುಳುಗಿದಾಗ ನೆಲಮಾಳಿಗೆಗಳಲ್ಲಿ ನಿಂತಿದ್ದ ಕಾರುಗಳೂ ಮುಳುಗಿದವು. ದುರಸ್ತಿಯ ವೆಚ್ಚ ವಿಮಾ ಮೌಲ್ಯದ ಶೇ 75ನ್ನು ಮೀರಿದರೆ ವಿಮಾ ಕಂಪನಿ ಅದನ್ನು ಪೂರ್ಣ ನಷ್ಟವೆಂದು ಪರಿಗಣಿಸಿ ಮಾಲೀಕನಿಗೆ ಹಣ ಕೊಡುತ್ತದೆ. ಅವಶೇಷ ಹೆಚ್ಚು ಬೆಲೆ ಕೂಗಿದವನ ಪಾಲಾಗುತ್ತದೆ. ನೋಂದಣಿ ರದ್ದಾಗದಿದ್ದರೆ ಅದೇ ಕಾರು ತೊಳೆದು, ಒಣಗಿಸಿ, ಸೀಟಿನ ಬಟ್ಟೆ ಬದಲಿಸಿಕೊಂಡು ಮತ್ತೊಂದು ಊರಿನಲ್ಲಿ ಮಾರಾಟಕ್ಕೆ ನಿಲ್ಲಬಲ್ಲದು. ಬಳಕೆಗೆ ಶಾಶ್ವತವಾಗಿ ಅನರ್ಹವಾದ ವಾಹನದ ವಿಷಯವನ್ನು ಮಾಲೀಕ 14 ದಿನಗಳೊಳಗೆ ನೋಂದಣಿ ಪ್ರಾಧಿಕಾರಕ್ಕೆ ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 55ನೇ ಕಲಮು ಹೇಳುತ್ತದೆ. ಆದರೆ ಹರಾಜಿನಲ್ಲಿ ಕೊಂಡವನ ದೃಷ್ಟಿಯಲ್ಲಿ ಅದು ಅನರ್ಹವಲ್ಲವಲ್ಲ! ಅಮೆರಿಕದಲ್ಲಿ ಇಂಥ ವಾಹನದ ಒಡೆತನದ ಪತ್ರದ ಮೇಲೆಯೇ ಅದರ ಹಣೆಬರಹ ಮುದ್ರೆಯಾಗುತ್ತದೆ. ನಮ್ಮ ಆರ್‌ಸಿಯಲ್ಲಿ ಅಂಥದ್ದೊಂದು ಕಾಲಮ್ಮೇ ಇಲ್ಲ.

ನೀರು ಕುಡಿದ ಕಾರಿನ ದೋಷ ತಕ್ಷಣ ಕಾಣುವುದಿಲ್ಲ. ವೈರಿಂಗ್ ತಿಂಗಳುಗಳ ನಂತರ ಕೈಕೊಡುತ್ತದೆ. ಬಲ್ಲವರು ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದು ಕೊನೆಯಲ್ಲಿ ಕೆಸರಿನ ಗೆರೆಯಿದೆಯೇ ನೋಡುತ್ತಾರೆ. ಸೀಟಿನ ಕೆಳಗಿನ ಬೋಲ್ಟುಗಳ ತುಕ್ಕು, ಸ್ಟೆಪ್ನಿ ಇಡುವ ಗುಂಡಿಯ ಮಣ್ಣು ನೋಡುತ್ತಾರೆ. ಬಣ್ಣದ ದಪ್ಪ ಅಳೆಯುವ ಸಣ್ಣ ಉಪಕರಣದಿಂದ ಯಾವ ಬಾಗಿಲು ಮರು ಪೇಂಟ್ ಆಗಿದೆ ಎಂದು ಹೇಳುತ್ತಾರೆ. ಸ್ಕ್ಯಾನರ್ ಜೋಡಿಸಿ, ಓಡೋಮೀಟರ್ ತೋರಿಸುವ ಕಿಲೋಮೀಟರಿಗೂ ಕಾರಿನ ಇತರ ಎಲೆಕ್ಟ್ರಾನಿಕ್ ಘಟಕಗಳಲ್ಲಿ ದಾಖಲಾಗಿರುವುದಕ್ಕೂ ತಾಳೆಯಿದೆಯೇ ಎಂದು ಪರಿಶೀಲಿಸುತ್ತಾರೆ. ವಿಮಾ ಪಾಲಿಸಿಯಲ್ಲಿ ‘ನೋ ಕ್ಲೇಮ್ ಬೋನಸ್’ ಎಷ್ಟಿದೆ ಎಂದು ನೋಡುವುದು ಯಾರಿಗಾದರೂ ಸಾಧ್ಯ. ಅದು ಶೇ 20ರಿಂದ ಆರಂಭವಾಗಿ ಐದು ಕ್ಲೇಮ್‌ರಹಿತ ವರ್ಷಗಳಲ್ಲಿ ಶೇ 50ಕ್ಕೆ ಏರುತ್ತದೆ. ಒಬ್ಬನೇ ಮಾಲೀಕನ ಕೈಯಲ್ಲಿದ್ದ ಆರು ವರ್ಷದ ‘ಅಪಘಾತವಿಲ್ಲದ’ ಕಾರಿಗೆ ಅದು ಸೊನ್ನೆಯಿದ್ದರೆ ಕಾರಣ ಕೇಳಲೇಬೇಕು.

ಕಾನೂನು ಕೊಳ್ಳುವವನ ನೆರವಿಗೆ ಎಷ್ಟು ಬರುತ್ತದೆ? 1930ರ ಸರಕು ಮಾರಾಟ ಕಾಯ್ದೆಯ 16ನೇ ಕಲಮಿನ ಮೂಲತತ್ವ ‘ಕೊಳ್ಳುವವನೇ ಎಚ್ಚರ ವಹಿಸಲಿ’ ಎಂಬುದು. ವ್ಯಾಪಾರಿಯಿಂದ ಕೊಂಡಾಗ ಒಂದಿಷ್ಟು ರಕ್ಷಣೆಯಿದ್ದರೂ, ಕೊಳ್ಳುವವನು ಸರಕನ್ನು ಪರೀಕ್ಷಿಸಿದ್ದಲ್ಲಿ ಆ ಪರೀಕ್ಷೆಯಲ್ಲಿ ಗೋಚರಿಸಬೇಕಾಗಿದ್ದ ದೋಷಗಳಿಗೆ ಅದು ದೊರೆಯದು. ಕೇಂದ್ರ ಮೋಟಾರು ವಾಹನ ನಿಯಮಗಳ 2022ರ ಡಿಸೆಂಬರ್ ತಿದ್ದುಪಡಿ 2023ರ ಏಪ್ರಿಲ್ 1ರಿಂದ ಹಳೆಯ ವಾಹನಗಳ ವ್ಯಾಪಾರಿಗಳಿಗೆ ಅಧಿಕಾರಪತ್ರದ ವ್ಯವಸ್ಥೆ ತಂದಿತು. ವಾಹನ ತಮ್ಮ ವಶದಲ್ಲಿರುವಷ್ಟು ಕಾಲ ಅವರೇ ಮಾಲೀಕರು. ಇದು ಸ್ವಾಗತಾರ್ಹ. ಆದರೆ ಇದು ಬಗೆಹರಿಸಿದ್ದು ಕಾಗದದ ಸಮಸ್ಯೆಯನ್ನು, ಕಬ್ಬಿಣದ್ದನ್ನಲ್ಲ. ಖಾಸಗಿ ಕಾರು ನೋಂದಣಿಯಾದ ಮೇಲೆ 15 ವರ್ಷ ಅದರ ಕ್ಷಮತೆಯನ್ನು ಯಾವ ಸರ್ಕಾರಿ ನಿರೀಕ್ಷಕನೂ ನೋಡಬೇಕಾಗಿಲ್ಲ. ಬ್ರಿಟನ್ನಿನಲ್ಲಿ ಮೂರು ವರ್ಷ ತುಂಬಿದ ಕಾರು ಪ್ರತಿವರ್ಷ ಎಂಒಟಿ ಪರೀಕ್ಷೆಗೆ ಹೋಗುತ್ತದೆ. ಅಲ್ಲಿ ದಾಖಲಾದ ಕಿಲೋಮೀಟರ್ ಲೆಕ್ಕವನ್ನು ಯಾರು ಬೇಕಾದರೂ ಉಚಿತವಾಗಿ ನೋಡಬಹುದು.

ಇತರರ ವಿಷಯದಲ್ಲಿ ನಮ್ಮ ಪ್ರಭುತ್ವ ಇಷ್ಟು ಉದಾಸೀನವಲ್ಲ. ಸರ್ಕಾರಿ ಇಲಾಖೆ ತನ್ನ ಹಳೆಯ ಜೀಪನ್ನು ಹರಾಜು ಹಾಕುವ ಮುನ್ನ ಮೋಟಾರು ವಾಹನ ನಿರೀಕ್ಷಕರಿಂದ ಮೌಲ್ಯಮಾಪನ ಮಾಡಿಸುತ್ತಿತ್ತು. ನಿಗದಿತ ಮೊತ್ತ ಮೀರಿದ ವಿಮಾ ಕ್ಲೇಮನ್ನು ಪರವಾನಗಿ ಪಡೆದ ಸರ್ವೇಯರ್ ಪರಿಶೀಲಿಸಬೇಕೆಂದು ಕಾಯ್ದೆಯೇ ವಿಧಿಸುತ್ತದೆ. ಸರ್ಕಾರಕ್ಕೆ ಪರೀಕ್ಷಕನುಂಟು, ವಿಮಾ ಕಂಪನಿಗೆ ಉಂಟು. ಸಂಬಳ ಕೂಡಿಟ್ಟು ಕಾರು ಕೊಳ್ಳುವವನಿಗೆ ಮಾತ್ರ ಇಲ್ಲ.

ನೂರಾರು ಅಂಶಗಳ ತಪಾಸಣೆ ಮಾಡಿದ್ದೇವೆ ಎಂದು ಜಾಹೀರಾತು ನೀಡುವ ಕಂಪನಿಗಳಿವೆಯಲ್ಲ ಎಂದು ಓದುಗರು ಕೇಳಬಹುದು. ಅವುಗಳಿಂದ ಪ್ರಯೋಜನವಿಲ್ಲ ಎನ್ನಲಾಗದು. ಕೆಲವು ಸೀಮಿತ ವಾರಂಟಿಯನ್ನೂ ಕೊಡುತ್ತವೆ. ಆದರೆ ಪರೀಕ್ಷಕನಿಗೆ ಸಂಬಳ ಕೊಡುವವರು ಯಾರು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಸಾಲಪತ್ರ ಹೊರಡಿಸುವವರಿಂದಲೇ ಶುಲ್ಕ ಪಡೆದ ರೇಟಿಂಗ್ ಸಂಸ್ಥೆಗಳು ಅತ್ಯುನ್ನತ ದರ್ಜೆ ಕೊಟ್ಟ ಪತ್ರಗಳ ಗತಿ 2008ರಲ್ಲಿ ಏನಾಯಿತೆಂಬುದು ತಿಳಿದದ್ದೇ. ಬಂಧುವಿನ ಪರಿಚಯದ ಗ್ಯಾರೇಜಿನವನೂ ಸಂಪೂರ್ಣ ನಿರ್ಲಿಪ್ತನಲ್ಲ. ಕಾರು ಕೊಂಡರೆ ನಾಳೆ ಅದರ ದುರಸ್ತಿ ಅವನಿಗೇ ಬರುತ್ತದೆ. ಬೆಂಗಳೂರಿನಂಥ ನಗರದಲ್ಲಿ ಶುಲ್ಕ ಪಡೆದು ಕೊಳ್ಳುವವರ ಪರವಾಗಿ ಮಾತ್ರ ನೋಡಿಕೊಡುವವರು ಈಗ ಸಿಗುತ್ತಾರೆ. ರಾಯಚೂರಿನಲ್ಲೋ ಹಾಸನದಲ್ಲೋ ಹುಡುಕುವುದು ಕಷ್ಟ.

ಶುಲ್ಕ ದಂಡವೆಂಬ ಭಾವನೆ ನಮ್ಮಲ್ಲಿ ಬಲವಾಗಿದೆ. ಲೆಕ್ಕ ಹಾಕಿ ನೋಡೋಣ. ಹತ್ತು ಕಾರುಗಳಲ್ಲಿ ಒಂದಕ್ಕೆ ಒಂದೂವರೆ ಲಕ್ಷ ವೆಚ್ಚದ ಗುಪ್ತದೋಷವಿದೆ ಎಂದು ಭಾವಿಸಿದರೂ ಪ್ರತಿ ಖರೀದಿಯ ನಿರೀಕ್ಷಿತ ನಷ್ಟ 15,000 ರೂಪಾಯಿ. ಅದನ್ನು ತಪ್ಪಿಸಲು ಮೂರು–ನಾಲ್ಕು ಸಾವಿರ ಕೊಡುವುದು ಉಳಿತಾಯವೇ. ದೋಷ ಕಂಡುಬಂದರೆ ಕಾರನ್ನು ಬಿಡಲೇಬೇಕೆಂದೂ ಇಲ್ಲ. ವರದಿಯನ್ನು ಮುಂದಿಟ್ಟು ಬೆಲೆ ಇಳಿಸಬಹುದು.

ಸರ್ಕಾರ ಮಾಡಬೇಕಾದದ್ದು ಹೆಚ್ಚೇನಿಲ್ಲ. ವಿಮಾ ಕಂಪನಿ ಪೂರ್ಣ ನಷ್ಟವೆಂದು ಹಣ ಕೊಟ್ಟ ಪ್ರತಿ ವಾಹನದ ವಿಷಯ ‘ವಾಹನ್’ ದತ್ತಾಂಶದಲ್ಲಿ ನಮೂದಾಗಿ, ನೋಂದಣಿ ಸಂಖ್ಯೆ ಒತ್ತಿದ ಯಾರಿಗಾದರೂ ಕಾಣಬೇಕು. ಬಿಎಸ್-4 ಮತ್ತು ಅನಂತರದ ಕಾರುಗಳು ವರ್ಷಕ್ಕೊಮ್ಮೆ ಹೊಗೆ ತಪಾಸಣೆಗೆ ಬರುತ್ತವೆ. ಆಗ ಓಡೋಮೀಟರ್ ಅಂಕಿಯನ್ನು ಕಡ್ಡಾಯವಾಗಿ ದಾಖಲಿಸಿ ಬಹಿರಂಗಪಡಿಸಿದರೆ ಮೀಟರ್ ತಿರುಗಿಸುವ ದಂಧೆ ಬಹುಪಾಲು ನಿಲ್ಲುತ್ತದೆ. ಪರೀಕ್ಷಕರಿಗೆ ಪರವಾನಗಿಯ ವ್ಯವಸ್ಥೆ ಬರಲಿ. ನಿವೃತ್ತ ಮೋಟಾರು ವಾಹನ ನಿರೀಕ್ಷಕರಿದ್ದಾರೆ, ಪಾಲಿಟೆಕ್ನಿಕ್‌ಗಳಿಂದ ಹೊರಬರುವ ಆಟೊಮೊಬೈಲ್ ಡಿಪ್ಲೊಮಾ ಪದವೀಧರರಿದ್ದಾರೆ. ವಾಹನ ಮಾರುವ ಅಥವಾ ದುರಸ್ತಿ ಮಾಡುವ ವ್ಯವಹಾರದಲ್ಲಿ ಅವರಿಗೆ ಪಾಲಿರಬಾರದು ಎಂಬ ಒಂದು ಷರತ್ತು ಸಾಕು.

ಅಲ್ಲಿಯವರೆಗೆ ಕೊಳ್ಳುವವರ ಕೈಯಲ್ಲಿ ಒಂದು ಉಪಾಯವಿದೆ. ಪರೀಕ್ಷಕನನ್ನು ಕರೆತರುತ್ತೇನೆ ಎಂದಾಗ ಮಾರುವವನು ‘ನಂಬಿಕೆಯಿಲ್ಲವೇ ಸಾರ್, ಇನ್ನೊಬ್ಬರು ಅಡ್ವಾನ್ಸ್ ಹಿಡಿದು ನಿಂತಿದ್ದಾರೆ’ ಎಂದರೆ ಆ ಇನ್ನೊಬ್ಬರಿಗೇ ಬಿಟ್ಟುಬಿಡುವುದು ಕ್ಷೇಮ. ಒಪ್ಪಿದರೆ, ಮುಂಗಡ ಕೊಡುವಾಗ ರಸೀದಿಯಲ್ಲಿ ‘ತಪಾಸಣೆಯಲ್ಲಿ ಕೊಳ್ಳುವವರಿಗೆ ತೃಪ್ತಿಯಾಗದಿದ್ದರೆ ಮುಂಗಡ ಪೂರ್ತಿ ವಾಪಸು’ ಎಂಬ ಒಂದು ಸಾಲು ಬರೆಸಿ, ತಪಾಸಣೆಯ ದಿನಾಂಕ ನಮೂದಿಸಿ, ಇಬ್ಬರೂ ಸಹಿ ಹಾಕಬೇಕು.