ಟ್ರೇಲರಿಗೆ ತುಕ್ಕು: ತಡೆಯುವ ಬಗೆ, ತೆಗೆಯುವ ಬಗೆ

ನಮ್ಮ ಜಿಲ್ಲೆಯ ವ್ಯಾಪಾರ ಬಹುಮಟ್ಟಿಗೆ ಟ್ರ್ಯಾಕ್ಟರ್ ಟ್ರೇಲರುಗಳ ಮೇಲೆಯೇ ಸಾಗುತ್ತದೆ. ಗದಗ-ಬೆಟಗೇರಿಯ ಮಾರುಕಟ್ಟೆ ಪ್ರಾಂಗಣಕ್ಕೆ ಬರುವ ಶೇಂಗಾ, ಉಳ್ಳಾಗಡ್ಡಿ, ಹೆಸರು, ಗೋವಿನಜೋಳ, ಲಕ್ಷ್ಮೇಶ್ವರ ಮತ್ತು ಶಿರಹಟ್ಟಿ ಭಾಗದ ಹತ್ತಿ ಹಾಗೂ ಮೆಣಸಿನಕಾಯಿ, ಮುಂಡರಗಿಯ ನದಿದಂಡೆಯ ಕಬ್ಬು, ಇವೆಲ್ಲ ಏರಿ ಬರುವುದು ಟ್ರೇಲರಿನಲ್ಲಿ. ಅದೇ ಟ್ರೇಲರು ಮರಳಿ ಹೋಗುವಾಗ ಗೊಬ್ಬರ, ಸಿಮೆಂಟು, ಕಬ್ಬಿಣದ ಸಾಮಾನು ಹೊತ್ತು ಹೋಗುತ್ತದೆ. ಸುಗ್ಗಿ ಮುಗಿದ ಬಳಿಕ ಮಾತ್ರ ಅದನ್ನು ಕೇಳುವವರಿಲ್ಲ. ಟ್ರ್ಯಾಕ್ಟರಿಗೆ ಸೂರು ದೊರೆಯುತ್ತದೆ, ಟ್ರೇಲರಿಗೆ ಬಯಲು ದೊರೆಯುತ್ತದೆ. ಈ ಉಪೇಕ್ಷೆಗೆ ತೆರಬೇಕಾದ ಬೆಲೆ ಏನು, ಅದನ್ನು ತಪ್ಪಿಸುವ ಬಗೆ ಹೇಗೆ ಎಂಬುದನ್ನು ಟ್ರೇಲರು ಉಳ್ಳ ವರ್ತಕರೂ ಅದನ್ನು ಕಟ್ಟುವ ಸಣ್ಣ ಉದ್ಯಮಿಗಳೂ ಅರಿತಿರುವುದು ಅವಶ್ಯ.

ತುಕ್ಕು ಎಂದರೇನು?

ಕಪ್ಪತಗುಡ್ಡದ ಮಣ್ಣಿನ ಕೆಂಪು ಬಣ್ಣ ನಮಗೆಲ್ಲ ಪರಿಚಿತ. ಅದು ಕಬ್ಬಿಣದ ಆಕ್ಸೈಡಿನ ಬಣ್ಣ. ಭೂಮಿಯಲ್ಲಿ ಕಬ್ಬಿಣವು ಸಾಮಾನ್ಯವಾಗಿ ಆಮ್ಲಜನಕದೊಡನೆ ಕೂಡಿಕೊಂಡು ಅದಿರಿನ ರೂಪದಲ್ಲಿಯೇ ಇರುತ್ತದೆ. ಅದಿರನ್ನು ಕುಲುಮೆಯಲ್ಲಿ ಕರಗಿಸಿ ಆಮ್ಲಜನಕವನ್ನು ಬೇರ್ಪಡಿಸಿ ನಾವು ಉಕ್ಕನ್ನು ಪಡೆಯುತ್ತೇವೆ. ನೀರು ಮತ್ತು ಗಾಳಿ ಎರಡೂ ಒಟ್ಟಿಗೆ ತಗಲಿದರೆ ಆ ಉಕ್ಕು ಮತ್ತೆ ತನ್ನ ಮೂಲರೂಪಕ್ಕೆ ಮರಳತೊಡಗುತ್ತದೆ. ಇದೇ ತುಕ್ಕು. ಇವೆರಡರಲ್ಲಿ ಒಂದನ್ನು ದೂರವಿಟ್ಟರೂ ತುಕ್ಕು ಬೆಳೆಯದು. ಗಾಳಿಯನ್ನು ತಡೆಯುವುದು ಕಠಿಣ, ನೀರನ್ನು ತಡೆಯುವುದು ಸಾಧ್ಯ.

ನಮ್ಮದು ಮಳೆ ಕಡಿಮೆಯ ಸೀಮೆ. ಇಲ್ಲಿನ ವಾರ್ಷಿಕ ಮಳೆ 600 ಮಿಲಿಮೀಟರ್ ಆಸುಪಾಸಿನದು. ಆದ್ದರಿಂದ ತುಕ್ಕಿನ ಚಿಂತೆ ಕರಾವಳಿಯವರಿಗೆ ಇರಲಿ ಎಂದು ಅನೇಕರು ಭಾವಿಸುತ್ತಾರೆ. ಆದರೆ ತುಕ್ಕಿನ ಲೆಕ್ಕದಲ್ಲಿ ಮುಖ್ಯವಾದುದು ಎಷ್ಟು ಮಳೆ ಬಿತ್ತೆಂಬುದಲ್ಲ, ಲೋಹವು ಎಷ್ಟು ಹೊತ್ತು ಒದ್ದೆಯಾಗಿ ಉಳಿಯಿತೆಂಬುದು. ಎರೆಮಣ್ಣು ಟ್ರೇಲರಿನ ಅಡಿಗೆ ಮೆತ್ತಿಕೊಂಡರೆ ತೇವವನ್ನು ಹಲವು ದಿನ ಹಿಡಿದಿಡುತ್ತದೆ. ಬಿಸಿಲಿಗೆ ಮೇಲ್ಭಾಗ ಒಣಗಿ ಬೆಚ್ಚಗಿರುವಾಗಲೂ ಮಣ್ಣಿನ ಹಿಂದಿನ ಉಕ್ಕು ಒದ್ದೆಯಾಗಿಯೇ ಇರುತ್ತದೆ.

ಚೀಲದಲ್ಲಿ ಬರುವ ಉಪ್ಪು

ಕರಾವಳಿಯಲ್ಲಿ ದೋಣಿ ಸಾಗಿಸುವ ಟ್ರೇಲರು ಸಮುದ್ರದ ನೀರಿಗೆ ಇಳಿದು ಮೇಲೇರುತ್ತದೆ. ಅದಕ್ಕೆ ತಗಲುವ ಉಪ್ಪು ಎಲ್ಲರಿಗೂ ಕಾಣುತ್ತದೆ. ನಮ್ಮ ಟ್ರೇಲರಿಗೆ ಉಪ್ಪು ಗೊಬ್ಬರದ ಚೀಲದಲ್ಲಿ ಬರುತ್ತದೆ. ನಾವು ಪೊಟ್ಯಾಷ್ ಎಂದು ಕರೆಯುವ ಗೊಬ್ಬರವು ಪೊಟ್ಯಾಸಿಯಂ ಕ್ಲೋರೈಡ್, ಅಂದರೆ ಅಡಿಗೆ ಉಪ್ಪಿನ ಹತ್ತಿರದ ಬಂಧು. ಚೀಲದ ಹೊಲಿಗೆಯಿಂದ ಉದುರಿದ ಹರಳುಗಳು ಹಲಗೆಯ ಸಂದಿಯಲ್ಲಿ ಸೇರಿ, ಮಳೆಗಾಲದ ಗಾಳಿಯಲ್ಲಿರುವ ತೇವವನ್ನು ತಾವೇ ಹೀರಿ, ಮಳೆ ಬೀಳದಿದ್ದರೂ ಲೋಹವನ್ನು ಒದ್ದೆಯಾಗಿಡುತ್ತವೆ. ಯೂರಿಯಾ, ಡಿಎಪಿ ಮುಂತಾದವೂ ತೇವ ಹೀರುವ ಗೊಬ್ಬರಗಳೇ. ಕ್ಲೋರೈಡು ಬಣ್ಣದ ಪದರಿನ ಸೂಕ್ಷ್ಮ ರಂಧ್ರಗಳ ಮೂಲಕ ಒಳಹೊಕ್ಕು, ಉಕ್ಕಿನಲ್ಲಿ ಗುಳಿ ಬೀಳುವಂತೆ ತುಕ್ಕನ್ನು ಬೆಳೆಸುತ್ತದೆ.

ಆದ್ದರಿಂದ ಮೊದಲ ನಿಯಮ ಇದು: ಗೊಬ್ಬರ ಇಳಿಸಿದ ದಿನವೇ ಟ್ರೇಲರನ್ನು ಗುಡಿಸಿ, ಸಿಹಿನೀರಿನಿಂದ ತೊಳೆದು, ಹಿಂಬಾಗಿಲು ತೆರೆದು ಇಳಿಜಾರಾಗಿ ನಿಲ್ಲಿಸಬೇಕು. ಸವುಳು ನೀರಿನಿಂದ ತೊಳೆದರೆ ಒಂದು ಉಪ್ಪನ್ನು ತೆಗೆದು ಮತ್ತೊಂದನ್ನು ಬಳಿದಂತಾಗುತ್ತದೆ. ಕಬ್ಬಿನ ರಸ ಬಿದ್ದಲ್ಲಿಯೂ ಹೀಗೆಯೇ ಮಾಡಬೇಕು, ಏಕೆಂದರೆ ರಸ ಹುಳಿತರೆ ಆಮ್ಲವಾಗುತ್ತದೆ.

ಎಲ್ಲಿ ನೋಡಬೇಕು?

ಪಕ್ಕದ ಹಲಗೆಗಳ ಮೇಲೆ ಕಾಣುವ ತುಕ್ಕು ಅಂದಗೆಡಿಸುತ್ತದೆಯೇ ಹೊರತು ಕೂಡಲೇ ಅಪಾಯ ತರುವುದಿಲ್ಲ. ಅಪಾಯವಿರುವುದು ಕಾಣದ ಸ್ಥಳಗಳಲ್ಲಿ. ವಿಶೇಷವಾಗಿ ಈ ನಾಲ್ಕನ್ನು ಪರೀಕ್ಷಿಸತಕ್ಕದ್ದು.

1. ಎಳೆಪಟ್ಟಿ ಮತ್ತು ಕೊಂಡಿಯ ಬಳೆ. ಎರಡು ಗಾಲಿಯ ಟ್ರೇಲರಿನಲ್ಲಿ ಎಳೆತದ ಜೊತೆಗೆ ಹೇರಿನ ಒಂದು ಪಾಲು ಭಾರವೂ ಇಲ್ಲಿಯೇ ಬೀಳುತ್ತದೆ. ಬೆಸುಗೆಯ ಅಂಚಿನಲ್ಲಿ ಕೂದಲೆಳೆಯಂತೆ ಕಂದು ಗೆರೆ ಕಂಡರೆ ಅದು ಬರೀ ತುಕ್ಕಲ್ಲ, ಬಿರುಕು ಇರುವ ಸಂಭವವಿದೆ.

2. ಡಬ್ಬಿ ಆಕಾರದ ಕೊಳವೆಗಳು. ಒಳಗೆ ನಿಂತ ನೀರು ಹೊರಗೆ ಕಾಣದು. ಸಣ್ಣ ಸುತ್ತಿಗೆಯಿಂದ ತಟ್ಟಿ ನೋಡಿರಿ. ಗಟ್ಟಿ ಉಕ್ಕು ಖಣಿಲ್ ಎನ್ನುತ್ತದೆ, ತಿಂದುಹೋದದ್ದು ಮಂದವಾಗಿ ಸದ್ದು ಮಾಡುತ್ತದೆ. 3 ಮಿಲಿಮೀಟರ್ ದಪ್ಪದ ಕೊಳವೆ 1 ಮಿಲಿಮೀಟರ್ ಕಳೆದುಕೊಂಡರೆ ಮೂರರಲ್ಲಿ ಒಂದು ಪಾಲು ಲೋಹವೇ ಹೋದಂತಾಯಿತು, ಹೇರು ಮಾತ್ರ ಹಿಂದಿನಷ್ಟೇ ಇರುತ್ತದೆ.

3. ತಗಡು ಮತ್ತು ಚಾನಲ್ ಒಂದರ ಮೇಲೊಂದು ಕೂಡುವ ಸಂದಿ. ತುಕ್ಕು ತಾನು ತಿಂದ ಉಕ್ಕಿಗಿಂತ ಎರಡು ಪಟ್ಟಿಗೂ ಹೆಚ್ಚು ಜಾಗ ಬೇಡುತ್ತದೆ. ಆದ್ದರಿಂದ ಸಂದಿಯಲ್ಲಿ ಉಬ್ಬಿ ಬೆಸುಗೆಯನ್ನೇ ಎಬ್ಬಿಸುತ್ತದೆ.

4. ಅಚ್ಚು, ಪಾಟಾ ಮತ್ತು ಅವನ್ನು ಬಿಗಿದ ಯು-ಬೋಲ್ಟುಗಳು. ಬೋಲ್ಟಿನ ಹಲ್ಲುಗಳು ಸವೆದರೆ ಬಿಗಿತ ಉಳಿಯುವುದಿಲ್ಲ.

ಕಾಣದ ಕೊಂಡಿ ಎಂಥ ಅನಾಹುತ ತರಬಲ್ಲದು ಎಂಬುದಕ್ಕೆ ಅಮೆರಿಕದ ಸಿಲ್ವರ್ ಬ್ರಿಜ್ ಸಾಕ್ಷಿ. 1928ರಲ್ಲಿ ಒಹಾಯೋ ನದಿಗೆ ಕಟ್ಟಿದ ಈ ಸೇತುವೆ 1967ರ ಡಿಸೆಂಬರ್ 15ರ ಸಂಜೆ ಕುಸಿದು 46 ಜನ ಅಸುನೀಗಿದರು. ಸೇತುವೆಯನ್ನು ಹಿಡಿದಿದ್ದ ಉಕ್ಕಿನ ಪಟ್ಟಿಗಳಲ್ಲಿ ಒಂದರ ಕಣ್ಣಿನಲ್ಲಿ, ಹೊರಗಿನಿಂದ ನೋಡಲಾಗದ ಜಾಗದಲ್ಲಿ, ಸುಮಾರು 2.5 ಮಿಲಿಮೀಟರ್ ಆಳದ ಬಿರುಕು ತುಕ್ಕು ಮತ್ತು ಎಳೆತಗಳಿಂದ ಬೆಳೆದಿತ್ತು. ನಮ್ಮ ಟ್ರೇಲರಿನ ಕೊಂಡಿಯೂ ಅಂತಹುದೇ ಒಂದು ಕಣ್ಣು. ಸಂತೆಯ ದಿನ ಜನನಿಬಿಡ ರಸ್ತೆಯಲ್ಲಿ ಹೇರು ತುಂಬಿದ ಟ್ರೇಲರು ಕೊಂಡಿ ಕಳಚಿಕೊಂಡರೆ ನಷ್ಟವಾಗುವುದು ಮಾಲು ಮಾತ್ರವಲ್ಲ. ಕೊಂಡಿಯ ಗುಣಿಕೆಯನ್ನು ವರ್ಷಕ್ಕೊಮ್ಮೆಯಾದರೂ ಹೊರತೆಗೆದು, ಒರೆಸಿ, ಸವೆತವನ್ನು ಅಳೆದು, ಗ್ರೀಸ್ ಹಚ್ಚಿ ಮರಳಿ ಹಾಕಬೇಕು. ಇಲ್ಲಿ ಬಿರುಕು ಕಂಡರೆ ಮೇಲೆ ತೇಪೆ ಬೆಸುಗೆ ಹಾಕದೆ ಆ ಭಾಗವನ್ನೇ ಬದಲಿಸುವುದು ಉಚಿತ.

ಬಂದ ತುಕ್ಕಿಗೆ ಚಿಕಿತ್ಸೆ

ಮೊದಲು ಎಣ್ಣೆ, ಜಿಡ್ಡುಗಳನ್ನು ಸಾಬೂನಿನ ನೀರಿನಿಂದ ತೊಳೆದು, ಬಳಿಕ ಸಿಹಿನೀರಿನಿಂದ ಉಪ್ಪನ್ನು ಕಳೆಯಬೇಕು. ಹಲವರು ಮೊದಲೇ ಉಜ್ಜತೊಡಗುತ್ತಾರೆ, ಇದರಿಂದ ಜಿಡ್ಡು ಉಕ್ಕಿನೊಳಕ್ಕೆ ಇನ್ನಷ್ಟು ಇಳಿಯುತ್ತದೆ. ಒಣಗಿದ ಮೇಲೆ ಎದ್ದ ಹಕ್ಕಳೆಗಳನ್ನು ಉಳಿಯಿಂದ ಕೆರೆದು, ತಂತಿ ಬ್ರಷ್ ಅಥವಾ ಗ್ರೈಂಡರಿನಿಂದ ಗಟ್ಟಿ ಲೋಹ ಕಾಣುವವರೆಗೆ ಉಜ್ಜಬೇಕು. ಕಣ್ಣಿಗೆ ಕನ್ನಡಕ, ಮೂಗಿಗೆ ಮುಸುಕು ತಪ್ಪಬಾರದು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು.

ಗುಳಿಗಳಲ್ಲಿ ಬಿಗಿಯಾಗಿ ಉಳಿದ ತುಕ್ಕಿಗೆ ಫಾಸ್ಫಾರಿಕ್ ಆಮ್ಲ ಆಧಾರಿತ ದ್ರಾವಣ ಹಚ್ಚಿದರೆ ಅದು ಕಬ್ಬಿಣದ ಫಾಸ್ಫೇಟಾಗಿ ಮಾರ್ಪಡುತ್ತದೆ. ಆದರೆ ಎದ್ದು ಸಡಿಲಾದ ತುಕ್ಕಿನ ಮೇಲೆ ಅದನ್ನು ಹಚ್ಚುವುದು ವ್ಯರ್ಥ. ಉಜ್ಜಿದ ಉಕ್ಕನ್ನು ರಾತ್ರಿ ಬಯಲಿನಲ್ಲಿ ಬಿಡದೆ ಅದೇ ದಿನ ಕೆಲವೇ ತಾಸಿನಲ್ಲಿ ಪ್ರೈಮರ್ ಬಳಿಯಬೇಕು. ಚಳಿಗಾಲದ ಮುಂಜಾನೆ ಇಬ್ಬನಿ ಆರುವ ಮೊದಲು ಬಣ್ಣ ಹಚ್ಚಿದರೆ ನೀರನ್ನು ಒಳಗಿಟ್ಟು ಬಾಗಿಲು ಮುಚ್ಚಿದಂತೆ.

ಬಣ್ಣದ ಆಯ್ಕೆ

ನಮ್ಮಲ್ಲಿ ರೆಡ್ ಆಕ್ಸೈಡ್ ಬಳಿದರೆ ಕೆಲಸ ಮುಗಿಯಿತೆಂಬ ನಂಬಿಕೆ ಬಲವಾಗಿದೆ. ಆ ಕೆಂಪು ಪುಡಿಯೂ ಕಬ್ಬಿಣದ ಆಕ್ಸೈಡೇ. ಅದು ನೀರಿಗೆ ಒಂದು ತಡೆ ಒಡ್ಡಬಲ್ಲದೇ ಹೊರತು ತುಕ್ಕನ್ನು ಹತ್ತಿಕ್ಕುವ ಗುಣ ಅದಕ್ಕಿಲ್ಲ. ಜಿಂಕ್ ಫಾಸ್ಫೇಟ್ ಇರುವ ಪ್ರೈಮರಿಗೆ ಆ ಗುಣ ತಕ್ಕಮಟ್ಟಿಗೆ ಉಂಟು. ಜಿಂಕ್ ಪುಡಿ ಹೇರಳವಾಗಿರುವ ಎಪಾಕ್ಸಿ ಪ್ರೈಮರ್ ಇನ್ನೂ ಉತ್ತಮ. ಆದರೆ ಜಿಂಕ್ ಬರೀ ಉಕ್ಕನ್ನು ಮುಟ್ಟಿದರೆ ಮಾತ್ರ ಕೆಲಸ ಮಾಡುವುದರಿಂದ ತುಕ್ಕಿನ ಮೇಲೆ ಬಳಿದರೆ ಹಣ ಹಾಳು. ಎಪಾಕ್ಸಿ ಬಿಸಿಲಿಗೆ ಸುಣ್ಣದಂತೆ ಪುಡಿಯೇಳುವುದರಿಂದ ಹೊರಭಾಗಕ್ಕೆ ಮೇಲೊಂದು ಪಾಲಿಯುರೆಥೇನ್ ಪದರು ಬೇಕು. ಚೂಪಾದ ಅಂಚುಗಳಲ್ಲಿ ಬಣ್ಣ ತಾನಾಗಿ ತೆಳುವಾಗುತ್ತದೆ. ಆದ್ದರಿಂದ ಅಂಚು ಮತ್ತು ಬೆಸುಗೆಗಳಿಗೆ ಮೊದಲು ಕುಂಚದಿಂದ ಒಂದು ಪಟ್ಟೆ ಎಳೆದು, ಆಮೇಲೆ ಉಳಿದುದಕ್ಕೆ ಬಳಿಯಬೇಕು.

ಸುಟ್ಟ ಎಂಜಿನ್ ಎಣ್ಣೆ ಬಳಿಯುವ ರೂಢಿಯೂ ಇದೆ. ಅದು ಕೆಲ ದಿನ ನೀರನ್ನು ದೂಡುತ್ತದೆ, ಆಮೇಲೆ ಧೂಳನ್ನು ಹಿಡಿದು ತೇವದ ಮನೆಯಾಗುತ್ತದೆ. ಹೊಲವನ್ನೂ ಕೆಡಿಸುತ್ತದೆ, ಮುಂದೆ ಬಣ್ಣ ಹಿಡಿಯಲು ಬಿಡುವುದಿಲ್ಲ. ಹತ್ತಿ ಹೇರುವವರು ಇದನ್ನು ಸರ್ವಥಾ ಬಿಡಬೇಕು. ಎಣ್ಣೆಯ ಕಲೆ, ತುಕ್ಕಿನ ಕಲೆ ಎರಡೂ ಮಾಲಿನ ದರ ಇಳಿಸುತ್ತವೆ. ಉದುರಿದ ಲೋಹದ ಚೂರು ಜಿನ್ನಿಂಗ್ ಯಂತ್ರದಲ್ಲಿ ಕಿಡಿ ಹಾರಿಸಿದರೆ ಬೆಂಕಿಯ ಭಯವೂ ಇದೆ.

ತಯಾರಕರಿಗೆ ಎರಡು ಮಾತು

ಟ್ರೇಲರಿನ ಆಯುಷ್ಯ ಬಹುಪಾಲು ನಿರ್ಧಾರವಾಗುವುದು ಕಾರ್ಖಾನೆಯಲ್ಲಿಯೇ. ಹೊಸ ಉಕ್ಕಿನ ಮೇಲಿರುವ ನೀಲಿಗಪ್ಪು ಹೊರಪದರನ್ನು ತೆಗೆಯದೆ ಬಣ್ಣ ಬಳಿದರೆ ಆ ಪದರು ಉದುರುವಾಗ ಬಣ್ಣವೂ ಉದುರುತ್ತದೆ. ಮರಳು ಎರಚಿ ಸ್ವಚ್ಛಗೊಳಿಸುವುದು ದುಬಾರಿಯೆನಿಸಿದರೆ ಗ್ರೈಂಡರಿನಿಂದಲಾದರೂ ತೆಗೆಯಬೇಕು. ತುಂಡು ತುಂಡು ಬೆಸುಗೆಗಿಂತ ಅಖಂಡ ಬೆಸುಗೆ ಲೇಸು, ಸಂದಿ ಉಳಿಯದು. ಕೊಳವೆಯ ಬಾಯಿಗಳನ್ನು ಪೂರ್ತಿ ಮುಚ್ಚಿರಿ, ಇಲ್ಲವೇ ತಳದಲ್ಲಿ 10ರಿಂದ 12 ಮಿಲಿಮೀಟರ್ ರಂಧ್ರವಿಟ್ಟು ನೀರು ಇಳಿಯಲು ಬಿಡಿರಿ. ಅರೆಮುಚ್ಚಿದ ಕೊಳವೆ ಎಲ್ಲಕ್ಕಿಂತ ಕೆಟ್ಟದ್ದು.

ನಮ್ಮ ಹೊಲಗಳಲ್ಲಿ ಹಾಯ್ದುಹೋಗುವ ವಿದ್ಯುತ್ ಗೋಪುರಗಳು ದಶಕಗಳ ಕಾಲ ಬಯಲಲ್ಲಿ ನಿಂತರೂ ಕೆಡದಿರಲು ಕಾರಣ ಅವುಗಳ ಮೇಲಿನ ಜಿಂಕ್ ಲೇಪ. ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಜಿಂಕಿನಲ್ಲಿ ಅದ್ದಿ ತೆಗೆದ ಉಕ್ಕಿನ ಮೇಲೆ ಜಿಂಕ್ ತಾನು ಮೊದಲು ಸವೆದು ಉಕ್ಕನ್ನು ಕಾಯುತ್ತದೆ. ಟ್ರೇಲರಿನ ಚೌಕಟ್ಟಿಗೂ ಇದು ಸಾಧ್ಯ, ಆದರೆ ಬೆಸುಗೆ ಎಲ್ಲವೂ ಮುಗಿದ ಮೇಲೆ ಅದ್ದಬೇಕು. ಅದ್ದುವ ಮೊದಲು ಪ್ರತಿಯೊಂದು ಕೊಳವೆಗೂ ಗಾಳಿರಂಧ್ರ ಇರಲೇಬೇಕು, ಮುಚ್ಚಿದ ಕೊಳವೆ ಕರಗಿದ ಜಿಂಕಿನಲ್ಲಿ ಸಿಡಿಯಬಹುದು. ಜಿಂಕ್ ಲೇಪಿತ ಉಕ್ಕನ್ನು ಮುಂದೆ ಬೆಸೆಯುವಾಗ ಏಳುವ ಹೊಗೆ ಜ್ವರ ತರುತ್ತದೆ. ಲೇಪವನ್ನು ಉಜ್ಜಿ ತೆಗೆದು, ಗಾಳಿಯಾಡುವಲ್ಲಿಯೇ ಬೆಸೆಯತಕ್ಕದ್ದು.

ವರ್ಷದ ಪಂಚಾಂಗ

ಮುಂಗಾರಿಗೆ ಮೊದಲು, ಮೇ ತಿಂಗಳಿನಲ್ಲಿ ಪೂರ್ಣ ತಪಾಸಣೆ ಮತ್ತು ಬಣ್ಣ. ಬಿತ್ತನೆಯ ಕಾಲದಲ್ಲಿ ಗೊಬ್ಬರದ ಪ್ರತಿ ಹೇರಿನ ನಂತರ ತೊಳೆಯುವುದು. ಸುಗ್ಗಿಗೆ ಮೊದಲು ಕೊಂಡಿ, ಬೋಲ್ಟು, ಪಾಟಾಗಳ ಪರೀಕ್ಷೆ. ಕೆಲಸವಿಲ್ಲದ ತಿಂಗಳುಗಳಲ್ಲಿ ಮುಂಭಾಗವನ್ನು ಎತ್ತರಿಸಿ, ಗಾಲಿಗಳಿಗೆ ಕಲ್ಲಿನ ಅಡ್ಡಿ ಕೊಟ್ಟು, ಸೂರಿನಡಿ ನಿಲ್ಲಿಸುವುದು. ತಾಡಪತ್ರಿ ಹೊದಿಸುವುದಾದರೆ ಅಡಿಯಲ್ಲಿ ಗಾಳಿ ಆಡುವಂತಿರಲಿ, ಬಿಗಿಯಾಗಿ ಸುತ್ತಿದರೆ ತೇವ ಒಳಗೇ ಉಳಿಯುತ್ತದೆ.

ಈ ಎಲ್ಲಕ್ಕೂ ತಗಲುವುದು ವರ್ಷದಲ್ಲಿ ಕೆಲವು ದಿನಗಳ ದುಡಿಮೆ ಮತ್ತು ಕೆಲವು ಡಬ್ಬಿ ಬಣ್ಣ. ಉಗುರಿನಿಂದ ಹೋಗುವುದಕ್ಕೆ ಕೊಡಲಿ ಎತ್ತಿಕೊಳ್ಳುವ ಪ್ರಸಂಗ ಯಾರಿಗೂ ಬರಬಾರದು. ಓದುಗ ವರ್ತಕ ಬಾಂಧವರು ಮುಂದಿನ ಹೇರಿಗೆ ಮುನ್ನ ಒಮ್ಮೆ ತಮ್ಮ ಟ್ರೇಲರಿನ ಅಡಿಗೆ ಬಾಗಿ ನೋಡಲಿ, ಕೊಂಡಿಯ ಗುಣಿಕೆಯನ್ನು ಕೈಯಾರೆ ತೆಗೆದು ನೋಡಲಿ ಎಂಬುದೇ ನಮ್ಮ ವಿನಂತಿ.